ಎರಡು ಸ್ಟಡ್‌ಗಳಿಗಾಗಿ ಒಂದು ಆಕ್ಸಲ್

ಕಾರಿನ ಹಿಂಬದಿಯ ಬಲಗಡೆ ಚಕ್ರ ಪಂಕ್ಚರ್ ಆಗಿ, ಸ್ಟೆಪ್ನಿ ಹಾಕಲೆಂದು ವೀಲ್ ಸ್ಪ್ಯಾನರ್ ಹಿಡಿದು ಕುಳಿತಾಗ ಐದು ನಟ್‌ಗಳಲ್ಲಿ ಎರಡು ಸಲೀಸಾಗಿ ಬಂದವು. ಮೂರನೆಯದು ಮೊದಲು ಕಿರುಗುಟ್ಟಿತು, ಆಮೇಲೆ ಅರ್ಧ ಸುತ್ತು ತಿರುಗಿತು, ಇನ್ನೊಮ್ಮೆ ಭಾರ ಬಿಟ್ಟು ಒತ್ತಿದಾಗ ಟಪ್ಪೆಂದು ಸದ್ದಾಗಿ ಸ್ಪ್ಯಾನರ್ ಸಮೇತ ನನ್ನ ಕೈ ನೆಲಕ್ಕೆ ಬಡಿಯಿತು. ನಟ್ಟಿನೊಳಗೆ ಸ್ಟಡ್ಡಿನ, ಅಂದರೆ ನಟ್ ಕೂರುವ ಥ್ರೆಡ್ಡಿನ ಕಡ್ಡಿಯ, ಮುಕ್ಕಾಲು ಭಾಗ ಸಿಕ್ಕಿಕೊಂಡೇ ಕೈಗೆ ಬಂದಿತ್ತು. ನಾಲ್ಕನೆಯದು ಮುರಿಯಲಿಲ್ಲವಾದರೂ ಸ್ಟಡ್ಡಿನ ಥ್ರೆಡ್ಡನ್ನು ಕೆತ್ತಿಕೊಂಡೇ ಹೊರಬಂದಿತು. ಬೆರಳಿನಿಂದ ಒಳಗೆ ಸವರಿದರೆ ಸುರುಳಿಯಾದ ಉಕ್ಕಿನ ಎಳೆಗಳು ಚುಚ್ಚುತ್ತಿದ್ದವು. ಉಳಿದ ಮೂರು ಸ್ಟಡ್‌ಗಳ ಮೇಲೆ ಚಕ್ರ ಕೂರಿಸಿ, ಎರಡು ಕಿಲೋಮೀಟರು ದೂರವನ್ನು ಕಾಲ್ನಡಿಗೆಯ ವೇಗದಲ್ಲಿ ಕ್ರಮಿಸಿ ಮನೆ ಸೇರಿದೆ. ಅಷ್ಟು ದೂರ ಓಡಿಸಿದ್ದೂ ಸರಿಯಲ್ಲ ಎಂಬುದು ಆಗಲೂ ಗೊತ್ತಿತ್ತು. ಐವರು ಹೊರಬೇಕಾದ ಎಳೆತವನ್ನು ಮೂವರ ಮೇಲೆ ಹೇರಿದರೆ ಆ ಮೂವರೂ ಬೇಗ ದಣಿಯುತ್ತಾರೆ.

ಮನೆಗೆ ಬಂದ ಮೇಲೆ ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮುಖ ಒಂದೇ ಬಣ್ಣದ್ದಾಗಿರಲಿಲ್ಲ. ಅಂಚಿನಿಂದ ಒಳಗೆ ಮೂರನೇ ಒಂದು ಭಾಗದಷ್ಟು ಎಳೆಚಂದ್ರನ ಆಕಾರದ ಕಪ್ಪು ಕಲೆ ಇದ್ದು, ಅದರೊಳಗೆ ತುಕ್ಕು ಕೂತಿತ್ತು. ಉಳಿದ ಭಾಗ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಹೊಳೆಯುವ ಭಾಗ ನನ್ನ ಕೈಯಲ್ಲಿ ಅಂದು ಮುರಿದದ್ದು. ಕಪ್ಪಾದ ಭಾಗ ಎಷ್ಟೋ ತಿಂಗಳ ಹಿಂದೆಯೇ ಬಿರುಕು ಬಿಟ್ಟು, ನೀರು ಕುಡಿದು, ಚಕ್ರದ ಒಂದೊಂದು ಸುತ್ತಿಗೂ ಕೂದಲೆಳೆಯಷ್ಟು ಮುಂದಕ್ಕೆ ಹರಿದದ್ದು. ಹಿಂದೊಮ್ಮೆ ಟಯರ್ ಬದಲಿಸಿದಾಗ ನಟ್‌ಗಳನ್ನು ಗಾಳಿಯ ಗನ್ನಿನಿಂದ ಗರಗರನೆ ಬಿಗಿದದ್ದನ್ನು ನಾನು ಪಕ್ಕದಲ್ಲಿ ನಿಂತೇ ನೋಡಿದ್ದೆ; ಆಮೇಲೆ ಒಮ್ಮೆಯೂ ಅವುಗಳನ್ನು ಸಡಿಲಿಸಿ, ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚಿನಲ್ಲಿ ಬಿಗಿದಿರಲಿಲ್ಲ. ಗನ್ನಿನವನದು ಅರ್ಧ ತಪ್ಪಾದರೆ ನನ್ನದು ಇನ್ನರ್ಧ.

ಮುಂದಿನ ಚಕ್ರವಾಗಿದ್ದರೆ, ಅಥವಾ ಚಕ್ರ ಕೂರುವ ತಟ್ಟೆಯಾದ ಫ್ಲ್ಯಾಂಜಿನ ಹಿಂದೆ ಜಾಗ ಬಿಟ್ಟ ವಿನ್ಯಾಸವಾಗಿದ್ದರೆ, ಈ ಕೆಲಸ ಒಂದು ಗಂಟೆಯದು: ಡ್ರಮ್ ತೆಗೆದು, ಹಳೆಯ ಸ್ಟಡ್ಡನ್ನು ಹಿಂದಕ್ಕೆ ಹೊಡೆದು, ಹೊಸದನ್ನು ಹಿಂದಿನಿಂದ ತೂರಿಸಿ ಎಳೆದುಕೊಂಡರೆ ಮುಗಿಯಿತು. ನನ್ನದು ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ, ಗಟ್ಟಿ ಆಕ್ಸಲ್ಲಿನ ಹಳೆಯ ಗಾಡಿ. ಇದರಲ್ಲಿ ಚಕ್ರವನ್ನು ತಿರುಗಿಸುವ ಆಕ್ಸಲ್ ಶಾಫ್ಟಿನ ತುದಿಯೇ ಅಗಲವಾಗಿ ಹರಡಿ ಫ್ಲ್ಯಾಂಜ್ ಆಗುತ್ತದೆ, ಸ್ಟಡ್‌ಗಳು ಆ ಫ್ಲ್ಯಾಂಜಿಗೆ ಹಿಂಬದಿಯಿಂದ ಒತ್ತಿ ಕೂರಿಸಿದವು, ಮತ್ತು ಸ್ಟಡ್ಡಿನ ತಲೆಗೂ ಬ್ರೇಕ್ ಶೂಗಳನ್ನು ಹೊತ್ತಿರುವ ಬ್ಯಾಕ್ ಪ್ಲೇಟಿಗೂ ನಡುವೆ ಎರಡು ಬೆರಳಿನಷ್ಟೂ ಎಡೆಯಿಲ್ಲ. ಹೊಸ ಸ್ಟಡ್ಡನ್ನು ಯಾವ ಕೋನದಲ್ಲಿ ಓರೆ ಮಾಡಿದರೂ ಅದು ರಂಧ್ರದ ಬಾಯಿಗೆ ಬರುವುದಿಲ್ಲ. ಬ್ಯಾಕ್ ಪ್ಲೇಟಿನ ಅಂಚನ್ನು ಒಂದಿಷ್ಟು ಕತ್ತರಿಸುವುದು, ಸ್ಟಡ್ಡಿನ ತಲೆಯ ಒಂದು ಬದಿಯನ್ನು ಗ್ರೈಂಡರಿನಲ್ಲಿ ಉಜ್ಜಿ ತೂರಿಸುವುದು, ಹೀಗೆ ಅಡ್ಡದಾರಿ ಹೇಳುವವರಿದ್ದಾರೆ. ಇಡೀ ಎಳೆತಕ್ಕೆ ಎದುರಾಗಿ ನಿಲ್ಲುವುದೇ ಆ ತಲೆ. ಅದನ್ನೇ ಸವೆಸಿ ಚಕ್ರ ಕಟ್ಟುವ ಧೈರ್ಯ ನನಗೆ ಬರಲಿಲ್ಲ. ಆಕ್ಸಲ್ ಹೊರಗೆ ತೆಗೆಯುವುದೆಂದೇ ತೀರ್ಮಾನಿಸಿದೆ.

ತೆಗೆಯುವ ಮೊದಲು ತಿಳಿಯಬೇಕಾದದ್ದು ಶಾಫ್ಟನ್ನು ಒಳಗೆ ಹಿಡಿದಿಟ್ಟಿರುವುದು ಯಾವುದು ಎಂಬುದು. ಕೆಲವು ಆಕ್ಸಲ್‌ಗಳಲ್ಲಿ ಶಾಫ್ಟಿನ ಒಳತುದಿಗೆ ಇಂಗ್ಲಿಷಿನ ಸಿ ಅಕ್ಷರದಂಥ ಕ್ಲಿಪ್ ಇರುತ್ತದೆ. ಅಲ್ಲಿ ಎರಡು ಹಿಂಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಹಿಂದಿನ ಮುಚ್ಚಳ ಬಿಚ್ಚಿ, ಆಯಿಲ್ ಸುರಿಸಿ, ನಡುವಿನ ಪಿನ್ ಎಳೆದು, ಶಾಫ್ಟನ್ನು ಒಳಕ್ಕೆ ತಳ್ಳಿ ಕ್ಲಿಪ್ ಉದುರಿಸಬೇಕು. ಫೋರ್ಡ್ ಕಂಪನಿಯ 8.8 ಇಂಚಿನ ಆಕ್ಸಲ್ ಈ ಜಾತಿಯದು. ಅದೇ ಕಂಪನಿಯ ಇನ್ನೂ ಹಳೆಯ 9 ಇಂಚಿನದರಲ್ಲಿ ಬೇರಿಂಗ್ ಶಾಫ್ಟಿನ ಮೇಲೆಯೇ ಬಿಗಿಯಾಗಿ ಕೂತಿದ್ದು, ಅದನ್ನು ಹೊರಗಡೆಯಿಂದ ಒಂದು ಪ್ಲೇಟು ನಾಲ್ಕು ನಟ್‌ಗಳ ಮೂಲಕ, ಶಾಫ್ಟಿನ ಹೊರಕೊಳವೆಯಾದ ಹೌಸಿಂಗಿಗೆ ಒತ್ತಿ ಹಿಡಿದಿರುತ್ತದೆ. ಡಿಫರೆನ್ಷಿಯಲ್ಲನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ನನ್ನ ಗಾಡಿಯದು ಈ ಎರಡನೆಯ ಬಗೆ. ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡಿಕೊಂಡೆ. ತಿಳಿಯದೆ ಎಳೆಯಲು ಹೊರಟರೆ ಸಿ ಕ್ಲಿಪ್ಪಿನ ಶಾಫ್ಟನ್ನು ದಿನವಿಡೀ ಎಳೆದರೂ ಬರುವುದಿಲ್ಲ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಟ್ಟೆ. ಈ ಅಡೆಯ ವಿಚಾರದಲ್ಲಿ ಉದಾಸೀನ ಸಲ್ಲದು. ಡ್ರಮ್ ಬಿಚ್ಚಲು ಹ್ಯಾಂಡ್ ಬ್ರೇಕ್ ಇಳಿಸಲೇಬೇಕು; ಒಂದು ಹಿಂಚಕ್ರ ಗಾಳಿಯಲ್ಲಿದ್ದಾಗ ಗೇರಿನಲ್ಲಿ ನಿಲ್ಲಿಸಿಯೂ ಉಪಯೋಗವಿಲ್ಲ, ಏಕೆಂದರೆ ಡಿಫರೆನ್ಷಿಯಲ್ ಇರುವುದೇ ಒಂದು ಚಕ್ರ ನಿಂತಿದ್ದರೂ ಇನ್ನೊಂದು ತಿರುಗಲೆಂದು. ಶಾಫ್ಟ್ ಹೊರಬಂದ ಮೇಲಂತೂ ಗೇರಿಗೂ ನೆಲಕ್ಕೂ ಸಂಬಂಧವೇ ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ಗಾಡಿಯನ್ನು ಹಿಡಿದಿರುವುದು ಮರದ ನಾಲ್ಕು ತುಂಡುಗಳಷ್ಟೇ. ಬಲಗಡೆಯನ್ನು ಮಾತ್ರ ಜಾಕಿನಿಂದ ಎತ್ತಿ, ಆಕ್ಸಲ್ ಹೌಸಿಂಗಿನ ಕೆಳಗೆ ಸ್ಟ್ಯಾಂಡ್ ಕೊಟ್ಟು ಜಾಕನ್ನು ಸಡಿಲಿಸಿದೆ. ಒಂದೇ ಬದಿ ಎತ್ತಿದ್ದರಿಂದ ಇನ್ನೊಂದು ಲಾಭವೂ ಆಯಿತು: ಹೌಸಿಂಗಿನಲ್ಲಿದ್ದ ಗೇರ್ ಆಯಿಲ್ ಎಡಕ್ಕೆ ಸರಿದು, ಬಲಗಡೆಯ ಬಾಯಿಯಿಂದ ಚೆಲ್ಲದೆ ಉಳಿಯಿತು.

ಡ್ರಮ್ ಸುಲಭಕ್ಕೆ ಬರಲಿಲ್ಲ. ಬ್ರೇಕ್ ಶೂ ಉಜ್ಜಿ ಉಜ್ಜಿ ಡ್ರಮ್ಮಿನ ಒಳಗೋಡೆ ಸವೆದಿರುತ್ತದೆ, ಶೂ ತಾಗದ ಅಂಚು ಮಾತ್ರ ಏರಾಗಿ ಉಳಿದಿರುತ್ತದೆ. ಎಳೆಯುವಾಗ ಶೂಗಳು ಆ ಏರಿಗೆ ಸಿಕ್ಕಿಕೊಳ್ಳುತ್ತವೆ. ಬ್ಯಾಕ್ ಪ್ಲೇಟಿನ ಸೀಳಿನಿಂದ ಸ್ಕ್ರೂಡ್ರೈವರ್ ತೂರಿಸಿ, ಶೂಗಳನ್ನು ಡ್ರಮ್ಮಿಗೆ ಹತ್ತಿರ ದೂರ ಮಾಡುವ ಅಡ್ಜಸ್ಟರನ್ನು ಹತ್ತು ಹದಿನೈದು ಹಲ್ಲು ಹಿಂದಕ್ಕೆ ತಿರುಗಿಸಿ, ಡ್ರಮ್ಮಿನ ಮುಖದಲ್ಲಿರುವ ಎರಡು ಥ್ರೆಡ್ ರಂಧ್ರಗಳಿಗೆ ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು ಮತ್ತೊಂದಕ್ಕೆ ಅರ್ಧ ಸುತ್ತು ಎಂದು ಸರದಿಯಲ್ಲಿ ಬಿಗಿಯುತ್ತ ಹೋದಾಗ ಅದು ತಾನಾಗಿ ಈಚೆಗೆ ಸರಿಯಿತು. ಒಳಗಿದ್ದ ಬ್ರೇಕಿನ ಧೂಳನ್ನು ಊದಲಿಲ್ಲ, ಗುಡಿಸಲಿಲ್ಲ. ಹಳೆಯ ಗಾಡಿಗಳ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ.

ಪ್ಲೇಟನ್ನು ಹಿಡಿದಿರುವ ನಾಲ್ಕು ನಟ್‌ಗಳು ಫ್ಲ್ಯಾಂಜಿನ ಹಿಂದೆ ಅಡಗಿರುತ್ತವೆ. ಅವುಗಳನ್ನು ತಲುಪಲೆಂದೇ ಫ್ಲ್ಯಾಂಜಿನಲ್ಲಿ ಒಂದು ದೊಡ್ಡ ರಂಧ್ರ ಬಿಟ್ಟಿರುತ್ತಾರೆ; ಫ್ಲ್ಯಾಂಜನ್ನು ಕೈಯಿಂದ ತಿರುಗಿಸಿ ಆ ರಂಧ್ರವನ್ನು ಒಂದೊಂದು ನಟ್ಟಿನ ಎದುರಿಗೆ ತಂದು, ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿದ ಸಾಕೆಟ್ಟನ್ನು ಅದರ ಮೂಲಕ ತೂರಿಸಿ ಬಿಚ್ಚಬೇಕು. ಬಿಚ್ಚಿದ ನಟ್ ಶೂಗಳ ಸ್ಪ್ರಿಂಗಿನ ನಡುವೆ ಬಿದ್ದರೆ ಹುಡುಕುವ ಪಾಡು ಬೇಡವೆಂದು ಸಾಕೆಟ್ಟಿನೊಳಗೆ ಚಿಟಿಕೆ ಗ್ರೀಸ್ ಮೆತ್ತಿದೆ. ನಾಲ್ಕೂ ಅಂಟಿಕೊಂಡೇ ಬಂದವು.

ಇನ್ನು ಎಳೆಯುವ ಕೆಲಸ. ಇದಕ್ಕೆ ಸ್ಲೈಡ್ ಹ್ಯಾಮರ್ ಎಂಬ ಸಾಧನವಿದೆ: ಉದ್ದನೆಯ ಸರಳಿನ ಮೇಲೆ ಜಾರುವ ಭಾರದ ಗುಂಡು. ನನ್ನ ಬಳಿ ಅದಿರಲಿಲ್ಲ. ಮೆಕಾನಿಕ್‌ಗಳು ಬ್ರೇಕ್ ಡ್ರಮ್ಮನ್ನೇ ಬೋರಲು ತಿರುಗಿಸಿ, ಸ್ಟಡ್‌ಗಳ ಮೇಲೆ ಸಡಿಲವಾಗಿ ತೂಗಿಸಿ, ಸ್ಟಡ್ಡಿನ ತುದಿಗೆ ನಟ್ ಹಾಕಿ, ಡ್ರಮ್ಮನ್ನು ಎರಡೂ ಕೈಗಳಲ್ಲಿ ಹಿಡಿದು ತಮ್ಮ ಕಡೆಗೆ ರಪ್ಪನೆ ಸೆಳೆಯುತ್ತಾರೆ. ಡ್ರಮ್ ಹೋಗಿ ನಟ್‌ಗಳಿಗೆ ಬಡಿಯುವ ಪೆಟ್ಟು ಶಾಫ್ಟನ್ನು ಎಳೆಯುತ್ತದೆ. ಡ್ರಮ್ ಬೀಡು ಕಬ್ಬಿಣದ್ದು, ಬಿರುಕು ಬಿಡಬಹುದು. ಸವೆದು ಬದಲಾಯಿಸಿದ್ದ ಹಳೆಯ ಡ್ರಮ್ಮೊಂದು ನನ್ನಲ್ಲಿ ಎಸೆಯದೆ ಉಳಿದಿತ್ತು, ಅದನ್ನೇ ಬಳಸಿದೆ. ಚೆನ್ನಾಗಿದ್ದ ಮೂರು ಸ್ಟಡ್‌ಗಳೂ ಹೇಗಿದ್ದರೂ ಹೋಗಬೇಕಾದವೇ ಆದ್ದರಿಂದ ಅವುಗಳ ಥ್ರೆಡ್ಡಿನ ಚಿಂತೆ ಇರಲಿಲ್ಲ. ಆರೇಳು ಸೆಳೆತಕ್ಕೆ ಏನೂ ಆಗಲಿಲ್ಲ. ಬೇರಿಂಗಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಸೆಳೆದಾಗ ಸದ್ದೇ ಬದಲಾಯಿತು. ಟಣ್ ಎನ್ನುತ್ತಿದ್ದದ್ದು ಧಪ್ ಎಂದಿತು. ನೋಡಿದರೆ ಬೇರಿಂಗಿನ ಹೊರಬಳೆ ಹೌಸಿಂಗಿನ ಬಾಯಿಂದ ಉಗುರಿನಷ್ಟು ಈಚೆಗೆ ಬಂದಿತ್ತು. ಇನ್ನು ಮೂರು ಪೆಟ್ಟಿಗೆ ಬಾಟಲಿಯ ಬಿರಡೆ ಕಿತ್ತಂಥ ಸದ್ದಿನೊಂದಿಗೆ ಬೇರಿಂಗ್ ಹೊರಬಂದಿತು.

ಈ ಗೆಲುವಿನ ಕ್ಷಣದಲ್ಲಿಯೇ ನಾನು ಎಡವಿದ್ದು. ನಾಲ್ಕು ಬೋಲ್ಟ್‌ಗಳೇ ಬ್ಯಾಕ್ ಪ್ಲೇಟನ್ನೂ ಹೌಸಿಂಗಿಗೆ ಹಿಡಿದಿರುತ್ತವೆ ಎಂಬುದನ್ನು ಓದಿದ್ದರೂ ಮರೆತಿದ್ದೆ. ಬೇರಿಂಗಿನ ಹಿಂದೆಯೇ ಇಡೀ ಬ್ಯಾಕ್ ಪ್ಲೇಟು, ಶೂ, ಸ್ಪ್ರಿಂಗುಗಳ ಸಮೇತ ಮುಂದಕ್ಕೆ ವಾಲಿ, ಬ್ರೇಕ್ ಆಯಿಲಿನ ಸಣ್ಣ ಉಕ್ಕಿನ ಪೈಪಿನ ಮೇಲೆ ಜೋತುಬಿತ್ತು. ಒಂದು ಕೈಯಲ್ಲಿ ಶಾಫ್ಟು, ಇನ್ನೊಂದರಲ್ಲಿ ಪ್ಲೇಟು, ನಟ್ ಎತ್ತಿಕೊಳ್ಳಲು ಮೂರನೆಯ ಕೈ ಇಲ್ಲ. ಮೊಣಕಾಲಿನಿಂದ ಪ್ಲೇಟನ್ನು ಒತ್ತಿ ಹಿಡಿದು, ಶಾಫ್ಟನ್ನು ಅಡ್ಡವಾಗದಂತೆ ನೇರಕ್ಕೆ ಈಚೆಗೆಳೆದು ಕೆಳಗಿಟ್ಟು, ಎರಡು ಬೋಲ್ಟ್‌ಗಳಿಗೆ ನಟ್ ತಿರುಗಿಸಿ ಪ್ಲೇಟನ್ನು ಅದರ ಜಾಗದಲ್ಲಿ ನಿಲ್ಲಿಸಿದೆ. ಪೈಪ್ ಸ್ವಲ್ಪ ಬಾಗಿತ್ತು; ಸುಕ್ಕಾಗಿರಲಿಲ್ಲ, ಸೋರುತ್ತಲೂ ಇರಲಿಲ್ಲ. ಸುಕ್ಕಾಗಿದ್ದರೆ ಪೈಪ್ ಬದಲಿಸಿ, ಬ್ರೇಕಿನ ಗಾಳಿ ತೆಗೆಯುವ ಮತ್ತೊಂದು ದಿನದ ಕೆಲಸ ಬೆನ್ನಿಗೆ ಬೀಳುತ್ತಿತ್ತು.

ಬೆಂಚಿನ ಮೇಲೆ ಶಾಫ್ಟನ್ನು ಮಲಗಿಸಿ ಬೇರಿಂಗನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದೆ. ಮರಳು ಸಿಕ್ಕಿದಂತೆ ಗರಗುಟ್ಟಲಿಲ್ಲ, ಅಲುಗಾಟವೂ ಇರಲಿಲ್ಲ. ಅದನ್ನು ಬದಲಿಸಬೇಕೆಂದರೆ ಅದರ ಹಿಂದೆ ಬಿಗಿದಿರುವ ಉಕ್ಕಿನ ಬಳೆಗೆ ತೂತು ಕೊರೆದು ಉಳಿಯಿಂದ ಸೀಳಿ ತೆಗೆಯಬೇಕು, ಹೊಸದನ್ನು ಪ್ರೆಸ್ಸಿನಲ್ಲಿ ಕೂರಿಸಬೇಕು. ಶಾಫ್ಟ್ ಹೊರಗಿದ್ದಾಗ ಎಲ್ಲವನ್ನೂ ಹೊಸದು ಮಾಡಬೇಕೆನ್ನುವ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚೆನ್ನಾಗಿರುವ ಬೇರಿಂಗನ್ನು ಮುಟ್ಟಲಿಲ್ಲ. ಆದರೆ ಸ್ಟಡ್ ಐದನ್ನೂ, ಹೌಸಿಂಗಿನೊಳಗಿನ ಆಯಿಲ್ ಸೀಲನ್ನೂ ಬದಲಿಸಿದೆ. ಸ್ಟಡ್‌ಗಳೆಲ್ಲ ಒಂದೇ ಗನ್ನಿನ ಏಟು ತಿಂದವು. ರಬ್ಬರಿನ ಸೀಲಂತೂ ವರ್ಷಗಳ ಕಾಲ ಒಂದೇ ಜಾಗದಲ್ಲಿ ಉಜ್ಜಿ ಗಡುಸಾಗಿತ್ತು. ಅದು ಸೋರಿದರೆ ಗೇರ್ ಆಯಿಲ್ ನೇರವಾಗಿ ಬ್ರೇಕ್ ಶೂಗಳ ಮೇಲೆ.

ಹಳೆಯ ಸ್ಟಡ್ ತೆಗೆಯುವಾಗ ಗಮನಿಸಬೇಕಾದದ್ದು ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಶಾಫ್ಟನ್ನು ನೆಲಕ್ಕೆ ಊರಿ ಫ್ಲ್ಯಾಂಜಿನ ಮೇಲೆ ಹೊಡೆದರೆ ಫ್ಲ್ಯಾಂಜ್ ಸೊಟ್ಟಗಾಗಬಹುದು, ಪೆಟ್ಟು ಬೇರಿಂಗಿಗೆ ಹರಿದರೆ ಗುಂಡುಗಳು ತಮ್ಮ ಹಾದಿಯಲ್ಲಿ ಕುಳಿ ಒತ್ತಬಹುದು. ಸ್ಟಡ್ಡಿನ ತಲೆಗಿಂತ ಚೂರು ಅಗಲವಾದ ದಪ್ಪ ಗೋಡೆಯ ಪೈಪಿನ ತುಂಡನ್ನು ತಲೆಯ ಸುತ್ತ ಬರುವಂತೆ ಫ್ಲ್ಯಾಂಜಿನ ಹಿಂದೆ ಆನಿಸಿ, ಹೊರಮುಖದಿಂದ ಹಿತ್ತಾಳೆಯ ಸರಳಿಟ್ಟು ಭಾರದ ಸುತ್ತಿಗೆಯಲ್ಲಿ ಹೊಡೆದೆ. ಪೆಟ್ಟು ಪೈಪಿಗಿಳಿದು ಅಲ್ಲೇ ನಿಂತಿತು. ನಾಲ್ಕು ಸ್ಟಡ್‌ಗಳು ಎರಡು ಮೂರು ಏಟಿಗೆ ಪೈಪಿನೊಳಗೆ ಬಿದ್ದವು. ಮುರಿದ ಮೋಟಿಗೆ ಮಾತ್ರ ಹತ್ತು ಏಟು ಬೇಕಾಯಿತು.

ಹೊಸ ಸ್ಟಡ್‌ಗಳನ್ನು ನಾನು ಮೊದಲೇ ತಂದಿಟ್ಟುಕೊಂಡಿದ್ದೆ. ಥ್ರೆಡ್ 12 ಮಿಲಿಮೀಟರು, ಹೆಜ್ಜೆ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ಅಂತರ) 1.5, ಉದ್ದವೂ ಸರಿ. ಹಳೆಯ ನಟ್ ಹಾಕಿ ತಿರುಗಿಸಿ ನೋಡಿಯೂ ಇದ್ದೆ. ಮೊದಲನೆಯದನ್ನು ಹಿಂದಿನಿಂದ ರಂಧ್ರಕ್ಕಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಅದು ತಲೆಯವರೆಗೂ ಸರ್ರನೆ ಒಳಗೆ ಹೋಯಿತು! ಹೀಗಾಗಬಾರದು. ತಲೆಯ ಕೆಳಗಿನ ಕುತ್ತಿಗೆಯ ಸುತ್ತ ಉದ್ದುದ್ದ ಗೆರೆಗಳಿರುವ ನರ್ಲಿಂಗ್ ಇರುತ್ತದೆ. ಅದು ರಂಧ್ರಕ್ಕಿಂತ ತುಸು ದಪ್ಪನಿದ್ದು, ಒತ್ತಿದಾಗ ಫ್ಲ್ಯಾಂಜಿನ ಲೋಹವನ್ನು ಕಚ್ಚಿಕೊಂಡರೆ ಮಾತ್ರ ನಟ್ ತಿರುಗಿಸುವಾಗ ಸ್ಟಡ್ ತಿರುಗದೆ ನಿಲ್ಲುತ್ತದೆ. ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಹಳೆಯ ಸ್ಟಡ್ಡಿನ ನರ್ಲಿಂಗ್ 13.0 ಮಿಲಿಮೀಟರು, ರಂಧ್ರ 12.7, ಹೊಸದರ ನರ್ಲಿಂಗ್ 12.4. ಥ್ರೆಡ್ ಒಂದೇ ಆದರೂ ಕುತ್ತಿಗೆಯ ದಪ್ಪ ಗಾಡಿಯಿಂದ ಗಾಡಿಗೆ ಬೇರೆ ಎಂಬುದು ಹೀಗೆ ತಿಳಿಯಿತು. ಅದನ್ನು ವೆಲ್ಡಿಂಗಿನ ಒಂದು ಚುಕ್ಕೆಯಿಂದ ಹಿಡಿಸಿಬಿಡು ಎಂದು ಗೆಳೆಯನೊಬ್ಬ ಹೇಳಿದ. ಶಾಖ ಕೊಟ್ಟು ಹದಗೊಳಿಸಿದ ಉಕ್ಕಿಗೆ ಮತ್ತೆ ಬೆಂಕಿ ತಾಗಿಸಿದರೆ ಅದರ ಹದವೇ ಕೆಡುತ್ತದೆ, ಹಾಗೆ ಮಾಡಲಿಲ್ಲ. ಬೇರೆ ಸ್ಟಡ್ ಬರುವವರೆಗೆ ಗಾಡಿ ಮೂರು ದಿನ ಸ್ಟ್ಯಾಂಡಿನ ಮೇಲೆಯೇ ನಿಂತಿತು, ಹೌಸಿಂಗಿನ ಬಾಯಿಗೆ ಬಟ್ಟೆ ತುರುಕಿಕೊಂಡು.

ಎರಡನೆಯ ಬಾರಿ ತರುವಾಗ ನಾಲ್ಕು ಅಳತೆ ಬರೆದುಕೊಂಡು ಹೋಗಿದ್ದೆ: ಥ್ರೆಡ್, ನರ್ಲಿಂಗಿನ ದಪ್ಪ, ನರ್ಲಿಂಗಿನ ಉದ್ದ, ತಲೆಯಿಂದ ತುದಿಯವರೆಗಿನ ಉದ್ದ. ಹಳೆಯ ವಿದೇಶಿ ಗಾಡಿಯಾಗಿದ್ದರೆ ಐದನೆಯದಾಗಿ ಥ್ರೆಡ್ಡಿನ ದಿಕ್ಕನ್ನೂ ನೋಡಬೇಕಾಗುತ್ತಿತ್ತು. ಕ್ರೈಸ್ಲರ್ ಕಂಪನಿಯ 1960ರ ದಶಕದ ಕಾರುಗಳಲ್ಲಿ ಎಡಬದಿಯ ಚಕ್ರಗಳ ಸ್ಟಡ್‌ಗಳಿಗೆ ತಿರುಗುಮುರುಗು ಥ್ರೆಡ್ ಇರುತ್ತಿತ್ತು, ಗೊತ್ತಿಲ್ಲದೆ ಅವುಗಳನ್ನು ಬಿಚ್ಚುತ್ತೇನೆಂದು ಬಿಗಿದು ಮುರಿದವರು ಕಡಿಮೆಯಲ್ಲ.

ಕೂರಿಸಲು ಪ್ರೆಸ್ ಇದ್ದರೆ ಒಳ್ಳೆಯದು. ನಾನು ನಟ್ಟಿನಿಂದ ಎಳೆಯುವ ದಾರಿ ಹಿಡಿದೆ. ಸ್ಟಡ್ಡಿನ ಮೇಲೆ ದಪ್ಪನೆಯ ನಾಲ್ಕು ವಾಶರ್‌ಗಳನ್ನು ನಡುನಡುವೆ ಗ್ರೀಸ್ ಹಚ್ಚಿ ಪೇರಿಸಿ, ಹಳೆಯ ನಟ್ಟೊಂದರ ಚಪ್ಪಟೆ ಮುಖ ವಾಶರಿಗೆ ಬರುವಂತೆ ಹಾಕಿ, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಕೈಯಿಂದಲೇ ನಿಧಾನವಾಗಿ ತಿರುಗಿಸಿದೆ. ಗನ್ ಬಳಸಲಿಲ್ಲ. ಒಂದೇ ಸಮನೆ ಬಿಗಿಯಾಗಿ ಬರುತ್ತಿರುವ ಸ್ಟಡ್ಡಿನ ತಲೆ ಫ್ಲ್ಯಾಂಜಿಗೆ ತಾಗಿದ ಕ್ಷಣ ಕೈಗೆ ಬೇರೆಯೇ ಗಡಸು ಸಿಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಅದರಾಚೆಗೆ ಎಳೆದದ್ದೆಲ್ಲ ಹೊಸ ಸ್ಟಡ್ಡನ್ನು ಹಿಗ್ಗಿಸುತ್ತದೆ, ಅಷ್ಟೇ. ತಲೆ ಪೂರ್ತಿ ಕೂತಿದೆಯೇ ಎಂದು ನೋಡಲು ಹಿಂದಿನಿಂದ ತೆಳುವಾದ ಕಾಗದದ ಅಂಚನ್ನು ತೂರಿಸಲು ಯತ್ನಿಸಿದೆ. ಮೂರನೆಯದರಲ್ಲಿ ಒಂದು ಬದಿಗೆ ಕಾಗದ ಒಳಹೊಕ್ಕಿತು. ತಲೆಯ ಕೆಳಗೆ ಲೋಹದ ಚೂರೊಂದು ಸಿಕ್ಕಿಕೊಂಡಿತ್ತು. ಹೊರಗೆ ಹೊಡೆದು, ಒರೆಸಿ, ಮತ್ತೆ ಎಳೆದೆ.

ಹೊಸ ಸೀಲನ್ನು ಹಳೆಯದು ಇದ್ದಷ್ಟೇ ಆಳಕ್ಕೆ, ಅದರ ಹೊರ ಅಂಚಿಗೆ ಸರಿಹೊಂದುವ ದೊಡ್ಡ ಸಾಕೆಟ್ಟನ್ನು ಆನಿಸಿ ಮೆಲ್ಲನೆ ತಟ್ಟಿ ಕೂರಿಸಿ, ತುಟಿಗೆ ಗ್ರೀಸ್ ಹಚ್ಚಿದೆ. ಶಾಫ್ಟನ್ನು ಮರಳಿ ತೂರಿಸುವುದು ಇಡೀ ಕೆಲಸದಲ್ಲಿ ಅತಿ ಸಾವಧಾನ ಬೇಡುವ ಹಂತ. ಒಳತುದಿಯ ಸ್ಪ್ಲೈನ್ ಹಲ್ಲುಗಳು ಚೂಪಾಗಿರುತ್ತವೆ, ಶಾಫ್ಟು ಭಾರವಾಗಿರುತ್ತದೆ, ಸೀಲಿನ ತುಟಿ ಮೃದು. ಕೈ ಸೋತು ಶಾಫ್ಟ್ ತುಸು ತಗ್ಗಿದರೂ ಆ ಹಲ್ಲುಗಳು ಹೊಸ ಸೀಲನ್ನು ಹರಿದುಬಿಡುತ್ತವೆ. ಎಡಗೈಯನ್ನು ಹೌಸಿಂಗಿನ ಬಾಯಿಯ ಬಳಿ ಊರಿ, ಶಾಫ್ಟನ್ನು ಅದರ ಮೇಲೆ ಜಾರಿಸುತ್ತ, ತುದಿ ಸದಾ ರಂಧ್ರದ ನಡುವಿನಲ್ಲೇ ಇರುವಂತೆ ಎತ್ತಿ ಹಿಡಿದು ಒಳಕ್ಕೆ ಬಿಟ್ಟೆ. ಡಿಫರೆನ್ಷಿಯಲ್ಲಿನ ಗೇರಿಗೆ ತಾಗಿ ನಿಂತಾಗ ಫ್ಲ್ಯಾಂಜನ್ನು ಎಳ್ಳಷ್ಟು ಅತ್ತಿತ್ತ ತಿರುಗಿಸಿದರೆ ಹಲ್ಲಿಗೆ ಹಲ್ಲು ಕೂಡಿ ಶಾಫ್ಟು ಮುಂದೆ ಸರಿಯಿತು. ಬೇರಿಂಗನ್ನು ಸುತ್ತಿಗೆಯಿಂದ ಒಳಕ್ಕೆ ಹೊಡೆಯದೆ, ನಾಲ್ಕು ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಎಳೆದುಕೊಂಡೆ. ಸ್ಪ್ರಿಂಗ್ ವಾಶರ್‌ಗಳನ್ನು ಹೊಸದಾಗಿ ಹಾಕಿದೆ.

ಮಿಕ್ಕದ್ದು ಬಂದ ದಾರಿಯಲ್ಲೇ ಹಿಂದಿರುಗುವುದು. ಶೂ ಹೊಂದಿಸಿ, ಡ್ರಮ್ಮಿಗೂ ಚಕ್ರಕ್ಕೂ ಕೂಡುವ ಮುಖಗಳ ತುಕ್ಕನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಚಕ್ರ ಹಾಕಿದೆ. ಗಾಡಿ ನಾಲ್ಕೂ ಚಕ್ರಗಳ ಮೇಲೆ ಸಮತಟ್ಟಾಗಿ ನಿಂತ ಮೇಲೆ ಡಿಫರೆನ್ಷಿಯಲ್ಲಿನ ಪಕ್ಕದ ಬಿರಡೆ ತೆಗೆದು, ರಂಧ್ರದ ಕೆಳಅಂಚಿಗೆ ಬರುವವರೆಗೆ 80ಡಬ್ಲ್ಯು-90 ಗೇರ್ ಆಯಿಲ್ ಸೇರಿಸಿದೆ. ವೀಲ್ ನಟ್‌ಗಳನ್ನು ಮ್ಯಾನ್ಯುಯಲ್ ಹೇಳಿದ 100 ನ್ಯೂಟನ್ ಮೀಟರಿಗೆ, ನಕ್ಷತ್ರ ಬಿಡಿಸುವ ಕ್ರಮದಲ್ಲಿ, ಎರಡು ಸುತ್ತಿನಲ್ಲಿ ಬಿಗಿದೆ. ಸ್ಟಡ್ ಎಳೆಯುವಾಗ ತಾಗಿದ್ದ ಗ್ರೀಸನ್ನು ಮೊದಲೇ ಒರೆಸಿ ತೆಗೆದಿದ್ದೆ. ಆ ಅಂಕಿ ಒಣ ಥ್ರೆಡ್ಡಿನದು, ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಸ್ಟಡ್ ಇನ್ನೂ ಹೆಚ್ಚು ಎಳೆಯಲ್ಪಡುತ್ತದೆ.

ನೂರು ಕಿಲೋಮೀಟರು ಓಡಿಸಿದ ಮೇಲೆ ಟಾರ್ಕ್ ರೆಂಚ್ ಮತ್ತೆ ಹಾಕಿದೆ. ನಾಲ್ಕು ನಟ್‌ಗಳು ಅಲುಗದೆ ಕ್ಲಿಕ್ಕೆಂದವು, ಒಂದು ಮಾತ್ರ ಕಾಲು ಸುತ್ತಿಗಿಂತ ಕಡಿಮೆ ತಿರುಗಿ ನಿಂತಿತು. ಅದು ಲೋಹದ ಚೂರು ಸಿಕ್ಕಿದ್ದ ಅದೇ ಮೂರನೆಯ ಸ್ಟಡ್ಡಿನದು. ಬ್ಯಾಕ್ ಪ್ಲೇಟಿನ ಕೆಳಗೆ ಬೆರಳಾಡಿಸಿದೆ, ಆಯಿಲ್ ಇರಲಿಲ್ಲ. ಅದೇ ಜೋರಿನಲ್ಲಿ ಎಡಗಡೆಯ ಚಕ್ರವನ್ನೂ ಬಿಚ್ಚಿ, ಒಂದೊಂದು ಸ್ಟಡ್ಡಿನ ಮೇಲೂ ನಟ್ಟನ್ನು ಬರಿಗೈಯಿಂದ ತಿರುಗಿಸಿ ನೋಡಿದೆ. ನಾಲ್ಕರಲ್ಲಿ ನಟ್ ಕೊನೆಯವರೆಗೆ ಹಗುರವಾಗಿ ಹೋಯಿತು. ಐದನೆಯದರಲ್ಲಿ ಐದಾರು ಸುತ್ತು ಹೋಗಿ ಕಚ್ಚಿ ನಿಂತಿತು. ಥ್ರೆಡ್ ಗೇಜನ್ನು ಆ ಜಾಗಕ್ಕೆ ಆನಿಸಿ ಬೆಳಕಿಗೆ ಹಿಡಿದರೆ ಗೇಜಿನ ಹಲ್ಲುಗಳು ಸ್ಟಡ್ಡಿನ ಹೆಜ್ಜೆಗಳಿಗೆ ಕೂಡುತ್ತಿಲ್ಲ, ಸ್ಟಡ್ ಹಿಗ್ಗಿದೆ. ಸರಿಯಾದ ನರ್ಲಿಂಗಿನ ಇನ್ನೈದು ಸ್ಟಡ್‌ಗಳನ್ನು ತಂದಿಟ್ಟಿದ್ದೇನೆ, ಹಳೆಯ ಡ್ರಮ್ಮನ್ನು ಇನ್ನೂ ಎಸೆದಿಲ್ಲ, ಮತ್ತು ಬ್ಯಾಕ್ ಪ್ಲೇಟನ್ನು ತಕ್ಷಣ ಹಿಡಿದು ನಿಲ್ಲಿಸಲು ಎರಡು ನಟ್‌ಗಳನ್ನು ಈಗಲೇ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೇನೆ.